ನಾಯಿಗೆ ಹೇಳಿದ ಮಾತು

ನೋಲೀನ್ ಅಟ್ಟಾರ್ಡ್ ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ ಆಕೆಯನ್ನು ಕಂಡರೆ ಆಗುವವರು ಯಾರೂ ಇಲ್ಲ. ಇದನ್ನು ಆಕೆಯೇ ಮೊದಲು ಹೇಳಿಬಿಡುತ್ತಾಳೆ. ಯಾರಾದರೂ ಆಕೆಯನ್ನು ನೋಡಲು ಬಂದರೆ, ಲೇತ್ ಯಂತ್ರದ ಬಾಗಿಲು ಎಳೆದು ಮುಚ್ಚಿ, ಕೈಯ ಎಣ್ಣೆ ಒರೆಸಿಕೊಳ್ಳುತ್ತಾ, "ಇಲ್ಲಿ ನನ್ನ ಬಗ್ಗೆ ಯಾರನ್ನ ಬೇಕಾದ್ರೂ ಕೇಳಿ, ಎಲ್ರೂ ಒಂದೇ ಥರ ಬೈತಾರೆ. ಟೈಮ್ ಉಳಿಸ್ಕೊಳ್ಳಿ" ಎನ್ನುತ್ತಾಳೆ. ನಗುವುದಿಲ್ಲ.

ಆಸ್ಟ್ರೇಲಿಯಾದ ಮೆಕೈ ಪಟ್ಟಣದ ದಕ್ಷಿಣಕ್ಕೆ, ಪ್ಯಾಜೆಟ್ ಎಂಬಲ್ಲಿ ಸಾಲಾಗಿ ನಿಂತ ತಗಡಿನ ಶೆಡ್ಡುಗಳಲ್ಲಿ ಅದೂ ಒಂದು. ಬೇಸಿಗೆಯಲ್ಲಿ ಗಣಿಯವರ ಕೆಲಸ, ಜೂನ್ ಬಂತೆಂದರೆ ಸಕ್ಕರೆ ಮಿಲ್ಲಿನವರ ಕೆಲಸ. ನೋಲೀನ್ ಮಾಡುವುದು ರಂಧ್ರದ ಒಳಗೋಡೆಯನ್ನು ಕೊರೆಯುವ ಕೆಲಸ. ತಿರುಗುವ ಉಕ್ಕಿನ ದಂಡದ, ಅಂದರೆ ಶಾಫ್ಟಿನ, ಮೇಲೆ ನಡುವೆ ರಂಧ್ರವಿರುವ ಒಂದು ಹಬ್ ಕೂರುತ್ತದೆ. ಅದು ಜಾರದೆ ಶಾಫ್ಟಿನ ಜೊತೆಗೇ ತಿರುಗಬೇಕಾದರೆ ನಡುವೆ ಒಂದು ಉಕ್ಕಿನ ತುಂಡನ್ನು ಹೊಡೆಯಬೇಕು. ಆ ತುಂಡು ಕೀ. ಅದು ಕೂರಲು ಹಬ್ಬಿನ ಒಳಗೋಡೆಯಲ್ಲಿ ಕಾಲುವೆಯಂತೆ ಕೊರೆದ ಜಾಗ ಕೀವೇ. ಒಂದೇ ಕಾಲುವೆಯ ಬದಲು ಸುತ್ತಲೂ ಹಲ್ಲುಹಲ್ಲಾಗಿ ಕೊರೆದರೆ ಅದು ಸ್ಪ್ಲೈನ್. ಹೊರಮೈ ಕೊರೆಯುವುದು ಕಣ್ಣಿಗೆ ಕಾಣುವ ಕೆಲಸ. ಒಳಮೈ ಹಾಗಲ್ಲ, ಉಳಿ ರಂಧ್ರದೊಳಗೆ ಹೋದ ಮೇಲೆ ಉಳಿಯುವುದು ಸದ್ದು ಮಾತ್ರ.

ವಾಕರ್‌ಸ್ಟನ್ ಊರಿನ ಆಚೆ ನೋಲೀನಳ ಅಪ್ಪನಿಗೆ ಕಬ್ಬಿನ ಹೊಲವಿತ್ತು. ಮಾಲ್ಟಾದಿಂದ ಬಂದ ಮನೆತನಗಳಲ್ಲಿ ಆಗಿನ ರೀತಿಯೇ ಹಾಗೆ: ಹೊಲ ತಮ್ಮನಿಗೆ ಹೋಯಿತು, ಅಕ್ಕನಿಗೆ ಒಂದು ಒಳ್ಳೆಯ ಊಟದ ಸೆಟ್ಟು ಬಂತು. ಆಕೆ ಅದನ್ನು ಮಾರಿ ಬೂಟು ಕೊಂಡು ವರ್ಕ್‌ಶಾಪಿಗೆ ಕಲಿಯಲು ಸೇರಿದಳು. ಆಗ ಅಲ್ಲಿ ಕೀವೇ, ಸ್ಪ್ಲೈನ್ ಎಲ್ಲ ಕೊರೆಯುತ್ತಿದ್ದವನು ಸೆಸ್ ರಡಕ್. ಅವನ ಸ್ಲಾಟಿಂಗ್ ಮಿಷನ್ ಮೂಲೆಯಲ್ಲಿ ಆಳೆತ್ತರ ನಿಂತು, ಉಳಿಯನ್ನು ಮೇಲಿನಿಂದ ಕೆಳಕ್ಕೆ ಕುಟ್ಟುತ್ತಿತ್ತು. ನೋಲೀನಳನ್ನು ಅವನ ಕೈಕೆಳಗೆ ಹಾಕಿದರು. ಅವನು ಆಕೆಗೆ ಮೇಜಿನ ಸಂದುಗಳಲ್ಲಿ ಸಿಕ್ಕಿಕೊಂಡ ಉಕ್ಕಿನ ಚೂರು ತೆಗೆಯುವ ಕೆಲಸ ಕೊಟ್ಟ. ಬೇರೇನೂ ಕೊಡಲಿಲ್ಲ. ಮಿಲ್ಲಿನ ಕೀವೇಗಳಿಗೆ ಒಂದು ಸಣ್ಣ ಇಳಿಜಾರು ಇರುತ್ತದೆ, ಒಂದು ತುದಿ ಆಳ, ಇನ್ನೊಂದು ತುದಿ ಕಮ್ಮಿ. ಕೀ ಹೊಡೆದಷ್ಟೂ ಬಿಗಿಯಾಗಲಿ ಎಂದು. ಆ ಇಳಿಜಾರು ಬರಿಸಲು ಹಬ್ಬಿನ ಅಡಿಗೆ ತಗಡಿನ ಪಟ್ಟಿ ಇಟ್ಟು ಓರೆ ಮಾಡಬೇಕು. ಪಟ್ಟಿ ಇಡುವಾಗ ಸೆಸ್ ಆಕೆಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ.

"ಹುಡುಗೀರಿಗೆ ತೋರಿಸಬಾರದು ಅಂತಲ್ಲ" ಎಂದು ಈಗಲೂ ಅವನ ಸಮಜಾಯಿಷಿ. "ನಾನು ಯಾರಿಗೂ ತೋರಿಸ್ತಿರಲಿಲ್ಲ. ಆದ್ರೆ ಅವಳಷ್ಟು ಕೆಟ್ಟದಾಗಿ ಯಾರೂ ಇಣುಕ್ತಿರಲಿಲ್ಲ."

ಆಕೆ ಸ್ಲಾಟಿಂಗ್ ಬಿಟ್ಟು ಲೇತಿಗೆ ಹೋದಳು, ಅಲ್ಲೇ ನಿಂತಳು. ಆಮೇಲೆ ಒಂದು ದಿನ, ಲೇತಿನಲ್ಲಿ ಲೋಹವನ್ನು ಕಚ್ಚಿ ಹಿಡಿಯುವ ಭಾರದ ಚಕ್ ಎತ್ತುವಾಗ ಭುಜದ ನರ ಹರಿಯಿತು. ಎರಡು ಸಲ ಕೊಯ್ದು ಹೊಲಿದರೂ ತೋಳು ಹೆಗಲಿಗಿಂತ ಮೇಲೆ ಭಾರ ಎತ್ತುವುದಿಲ್ಲ. ಕೈಲೇತಿನ ಕೆಲಸ ಅಲ್ಲಿಗೆ ಮುಗಿಯಿತು. ಉಳಿದದ್ದು ಮಾಲೀಕ ಬ್ರೆಂಟನ್ ಹೋಡ್ ತರಿಸಿದ್ದ ಹೊಸ ಸಿಎನ್‌ಸಿ ಲೇತು ಒಂದೇ. ಅದಕ್ಕೆ ಕ್ರೇನು ಹಬ್ ಎತ್ತಿ ಇಡುತ್ತದೆ, ಅಂಕಿ ಕೊಟ್ಟರೆ ಉಳಿ ತಾನೇ ಚಲಿಸುತ್ತದೆ. ಆದರೆ ಸಾದಾ ಕೆಲಸವೆಲ್ಲ ದಕ್ಷಿಣದ ಅಗ್ಗದ ಅಂಗಡಿಗಳ ಪಾಲಾಗಿ, ಆ ಲೇತು ವಾರದಲ್ಲಿ ಅರ್ಧದಷ್ಟು ದಿನ ಸುಮ್ಮನೆ ನಿಂತಿರುತ್ತಿತ್ತು. ಹೋಡ್ ಮುಚ್ಚುಮರೆ ಇಲ್ಲದ ಮನುಷ್ಯ. "ನಿಂತ ಮಿಷನ್ ನಾನು ಇಟ್ಕೊಳ್ಳಲ್ಲ, ನೋಲೀನ್" ಎಂದ. ಮಿಷನ್ ಹೋದರೆ ಆಕೆಗೂ ಅಲ್ಲಿ ಜಾಗವಿಲ್ಲ ಎಂದು ಬಿಡಿಸಿ ಹೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ.

ಆಕೆ ಆ ಲೇತಿಗೆ ಒಳಮೈ ಕೊರೆಯುವುದನ್ನು ಕಲಿಸಿದಳು. ಲೇತು ಇರುವುದೇ ಕೆಲಸವನ್ನು ಗಿರಗಿರನೆ ತಿರುಗಿಸಲು. ಆಕೆ ತಿರುಗುವುದನ್ನು ನಿಲ್ಲಿಸಿ ಬ್ರೇಕು ಹಾಕಿ, ಉಳಿಯನ್ನು ರಂಧ್ರದೊಳಗೆ ನೇರವಾಗಿ ತಳ್ಳಿ, ಕೂದಲೆಳೆಯಷ್ಟು ಕೆರೆಸಿ, ಎತ್ತಿ, ಹಿಂದಕ್ಕೆ ತಂದು, ಮತ್ತೆ ತಳ್ಳುವಂತೆ ಅಂಕಿ ಬರೆದಳು. ಸ್ಪ್ಲೈನ್ ಆದರೆ ಒಂದು ಹಲ್ಲು ಮುಗಿದ ಮೇಲೆ ಹಬ್ಬನ್ನು ಒಂದು ಹಲ್ಲಿನಷ್ಟು ತಿರುಗಿಸಿ ಮತ್ತೆ ಶುರು. ಇಳಿಜಾರಿಗೆ ಪಟ್ಟಿಯೂ ಬೇಡ, ಬೆನ್ನು ತಿರುಗಿಸುವುದೂ ಬೇಡ; ಎರಡು ಅಂಕಿ ಬದಲಿಸಿದರೆ ಉಳಿಯೇ ಓರೆಯಾಗಿ ಸಾಗುತ್ತದೆ.

ಸೆಸ್ ಮೂಲೆಯಿಂದಲೇ ಕೂಗಿದ: "ಕುದುರೇನ ಕಟ್ಟಿಹಾಕಿ ಗಾಡೀನ ಕೈಯಲ್ಲಿ ತಳ್ತಾ ಇದ್ದಾಳೆ ನೋಡ್ರಪ್ಪ!"

ಎಲ್ಲರೂ ನಕ್ಕರು. ಆಕೆ ತಿರುಗಿ, "ನಿನ್ನ ಕುದುರೆ ಸತ್ತು ಎಷ್ಟು ದಿನ ಆಯ್ತು ಸೆಸ್? ವಾಸನೆ ಬರ್ತಿದೆ" ಎಂದಳು. ಆಗ ಯಾರೂ ನಗಲಿಲ್ಲ. ಸೆಸ್‌ನ ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆಕೆ ಹೇಳಿದ್ದು ಮಿಷನ್ನಿನ ಬಗ್ಗೆ. ಆದರೆ ಕೇಳಿದವರು ಹಾಗೆ ತೆಗೆದುಕೊಳ್ಳಲಿಲ್ಲ.

ಜುಲೈನಲ್ಲಿ, ಹತ್ತು ಗಂಟೆಯ ಚಹಾ ಹೊತ್ತಿನಲ್ಲಿ, ಹೋಡ್ ಮೇಜಿನ ತುದಿಗೆ ಬಂದು ನಿಂತು, ಒಳಮೈ ಕೆಲಸವೆಲ್ಲ ಈಗ ಲೇತೇ ಮಾಡುವುದರಿಂದ ಕಬ್ಬಿನ ಸೀಸನ್ ಮುಗಿದ ಮೇಲೆ ಸ್ಲಾಟಿಂಗ್ ಮಿಷನ್ ಮಾರುವುದಾಗಿಯೂ ಸೆಸ್ ಆಗ ನಿವೃತ್ತನಾಗಬಹುದೆಂದೂ ಹೇಳಿದ. ಸೆಸ್ ಮೀಟ್ ಪೈ ಅಗಿಯುವುದನ್ನು ನಿಲ್ಲಿಸಲಿಲ್ಲ. ಮೇಜಿನ ಸುತ್ತ ಇದ್ದವರಲ್ಲಿ ಅರ್ಧ ಜನಕ್ಕೆ ಕೆಲಸ ಕಲಿಸಿದವನು ಅವನು. ಇಬ್ಬರ ಮದುವೆಯಲ್ಲಿ ಎದ್ದು ನಿಂತು ಹರಸಿದವನು.

ಮಾರನೆಯ ದಿನದಿಂದ ಅವರು ನೋಲೀನ್ ಜೊತೆ ಮಾತು ಬಿಟ್ಟರು. ಆ ಕಡೆಯ ವರ್ಕ್‌ಶಾಪುಗಳಲ್ಲಿ ಇದು ಹಳೆಯ ಶಿಕ್ಷೆ. ಯಾರೂ ಸೇರಿ ತೀರ್ಮಾನಿಸುವುದಿಲ್ಲ, ಯಾರೂ ಸಾರುವುದಿಲ್ಲ. ಒಬ್ಬನ ಎದುರು ಇದ್ದಕ್ಕಿದ್ದಂತೆ ಎಲ್ಲ ಬಾಯಿಗಳೂ ಮುಚ್ಚುತ್ತವೆ. ಮೊಳೆಗೆ ತೂಗಿದ್ದ ಆಕೆಯ ಚಹಾ ಲೋಟ ಕಾಣೆಯಾಯಿತು. ಆಕೆ ಮನೆಯಿಂದ ತಂದಿಟ್ಟ ಪಾಸ್ತಿತ್ಸಿಗಳು, ಮೊದಲೆಲ್ಲ ಕಿತ್ತಾಟವಾಗುತ್ತಿದ್ದ, ರಿಕೊಟಾ ಗಿಣ್ಣು ತುಂಬಿ ಬೇಯಿಸಿದ ಮಾಲ್ಟಾದ ಕಡುಬುಗಳು, ಡಬ್ಬಿಯಲ್ಲೇ ಆರಿದವು.

ಆದರೆ ಒಂದೇ ಸೂರಿನಡಿ ಕ್ರೇನು, ಭಾರ, ಬಿಸಿ ಲೋಹ ಇರುವಾಗ ಪೂರ್ತಿ ಮಾತಿಲ್ಲದೆ ನಡೆಯುವುದಿಲ್ಲ. ಅದಕ್ಕೆ ಒಂದು ಉಪಾಯವಿತ್ತು: ಹೋಡ್‌ನ ನಾಯಿ ಮೇವಿಸ್. ದನ ಕಾಯುವ ತಳಿಯ ಬೂದು ನಾಯಿ, ಇಡೀ ದಿನ ನೆಲದ ಮೇಲೆ ಬಿದ್ದಿರುತ್ತಿತ್ತು. ನೋಲೀನಳಿಗೆ ಹೇಳಬೇಕಾದ್ದನ್ನೆಲ್ಲ ಅವರು ಆಕೆಗೆ ಕೇಳಿಸುವಂತೆ ನಾಯಿಗೆ ಹೇಳುತ್ತಿದ್ದರು.

"ಮೇವಿಸ್, ಕ್ರೇನ್ ಖಾಲಿ ಆಯ್ತು ಅಂತ ಬೇಕಾದೋರಿಗೆ ತಿಳಿಸಮ್ಮ."

"ಮೇವಿಸ್, ಯಾರೋ ಬಾಗಿಲು ತೆಗೆದಿಟ್ಟು ಹೋಗಿದ್ದಾರೆ. ಅವರಪ್ಪನ ಕಬ್ಬಿನ ಗದ್ದೆ ಅಂದ್ಕೊಂಡಿರಬೇಕು."

ಮೊದಮೊದಲು ನೋಲೀನ್ ಉತ್ತರ ಕೊಟ್ಟಳು. ಒಂದು ಸಲ "ಆಯ್ತು, ಕ್ರೇನ್ ತಗೋತೀನಿ" ಎಂದಾಗ ಸೆಸ್ ನಾಯಿಯ ಮುಂದೆ ಮಂಡಿಯೂರಿ ಕೂತು, "ಮೇವಿಸ್! ನೀನು ಮಾತಾಡಿದ್ಯಾ? ಯಾವಾಗ ಕಲಿತೆ ಕಣೇ?" ಎಂದ. ಶೆಡ್ಡಿನ ತಗಡು ಅದುರುವಷ್ಟು ನಗು. ಆ ದಿನವೇ ಆಕೆ ಒಂದು ನಿರ್ಧಾರಕ್ಕೆ ಬಂದಳು: ತನ್ನ ಹೆಸರು ಹಿಡಿದು ಹೇಳದ ಮಾತು ತನಗೆ ಹೇಳಿದ್ದಲ್ಲ. ಆಮೇಲೆ ಅವರು ನಾಯಿಗೆ ಏನು ಹೇಳಿದರೂ ಆಕೆಯ ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಎಷ್ಟೋ ಸಲ ಕ್ರೇನು ಸುಮ್ಮನೆ ತೂಗುತ್ತಾ ನಿಂತಿತು, ಆಕೆಯೂ ಸುಮ್ಮನೆ ನಿಂತಳು.

ಸೆಪ್ಟೆಂಬರಿನಲ್ಲಿ ಒಂದು ಮಿಲ್ಲಿನಲ್ಲಿ ಕಬ್ಬಿನ ಸಿಪ್ಪೆ ಸಾಗಿಸುವ ಪಟ್ಟಿಯ ಹಬ್ ಸೀಳಿತು. ಮಿಲ್ಲು ನಿಂತಿತು. ಹೊಸ ಹಬ್ಬನ್ನು ಅವರೇ ಕಡೆದು, ರಂಧ್ರ ಕೊರೆದು, ಕೀವೇ ಹಾಕಿಸಲು ಕಳಿಸಿದರು. ಎರಡು ಮುಖವೂ ಒಂದೇ ಥರ ಇದ್ದ ಹಬ್. ಕೀವೇಯ ಆಳದ ತುದಿ ಯಾವ ಕಡೆ ಬರಬೇಕೆಂದು ಗುರುತಿಗೆ ಒಂದು ಮುಖದ ಮೇಲೆ ಎರಡು ಚುಕ್ಕಿ ಹೊಡೆದಿದ್ದರು. ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುರುತು ಅದು: ಚುಕ್ಕಿ ಇರುವ ಮುಖದಿಂದ ಕೀ ಒಳಗೆ ಹೋಗುತ್ತದೆ, ಆಳ ಆ ಕಡೆ.

ಗೇಟಿನಲ್ಲಿ ಹಬ್ ಇಳಿಸಿಕೊಂಡವನು ಸೆಸ್. ತಂದ ಫಿಟ್ಟರ್ ಹೊಸಬ, ಹೊಳೆಯ ಮೇಲುಗಡೆ ಮುಚ್ಚಿಹೋದ ಇನ್ನೊಂದು ಮಿಲ್ಲಿನಿಂದ ಬಂದ ತಂಡದವನು. ಹೋಗುವ ಮುಂಚೆ ಅವನು ಸೆಸ್‌ಗೆ ಹೇಳಿದ: ತಮ್ಮ ಕಡೆ ಗುರುತು ಉಲ್ಟಾ, ಚುಕ್ಕಿ ಇರುವುದು ಬೇರಿಂಗಿಗೆ ಆನುವ ಒಳಮುಖ, ಕೀ ಹೊಡೆಯುವುದು ಇನ್ನೊಂದು ಮುಖದಿಂದ.

ನೋಲೀನ್ ಹಬ್ಬನ್ನು ಲೇತಿಗೆ ಏರಿಸುತ್ತಿದ್ದಳು. ಚುಕ್ಕಿಯ ಮುಖ ಹೊರಗಿಟ್ಟು, ಚಕ್ ಬಿಗಿ ಮಾಡುತ್ತಿದ್ದಳು. ಸೆಸ್ ಆಕೆಯ ಹಿಂದೆ ಬಂದು ನಿಂತ. ನಾಯಿಯನ್ನು ಕಾಲಿನಿಂದ ಮೆಲ್ಲಗೆ ತಟ್ಟಿ ಎಬ್ಬಿಸಿದ.

"ಮೇವಿಸ್, ಈ ಮಿಲ್ಲಿನ ಹೊಸಬರ ಬುದ್ಧಿ ನೋಡು. ಚುಕ್ಕಿ ಒಳಮುಖಕ್ಕೆ ಹೊಡೀತಾರಂತೆ. ಕೀ ಆಕಡೆಯಿಂದ ಹೋಗೋದಂತೆ. ತಿಳೀದೋರು ಯಾರಾದ್ರೂ ಉಲ್ಟಾ ಕೊರೆದುಬಿಟ್ಟಾರು, ಅಲ್ವಾ?"

ಪಕ್ಕದ ಬೆಂಚಿನಲ್ಲಿ ಬೇರಿಂಗ್ ತೊಳೆಯುತ್ತಿದ್ದ ಆಲ್ಬಿ ಟಾಸ್ ತಲೆ ಎತ್ತಿ ನೋಡಿದ. ನೋಲೀನ್ ಬಾಗಿಲು ಎಳೆದಳು, ಗುಂಡಿ ಒತ್ತಿದಳು.

ಆಕೆಗೆ ಕೇಳಿಸಿತ್ತೇ? ಆಕೆ ಈ ಪ್ರಶ್ನೆಗೆ ತಡವರಿಸುವುದಿಲ್ಲ. "ಪ್ರತಿಯೊಂದು ಅಕ್ಷರಾನೂ ಕೇಳಿಸ್ತು. ನನ್ನ ಕೆಲಸ ಕೆಡಿಸೋಕೆ ಸುಳ್ಳು ಬಿಡ್ತಿದ್ದಾನೆ ಅಂತ ಮೊದಲು ಅನ್ನಿಸ್ತು. ಆಮೇಲೆ, ಸುಳ್ಳಾಗ್ಲಿ ನಿಜ ಆಗ್ಲಿ, ನನಗೆ ಹೇಳಿದ್ದಲ್ಲವಲ್ಲ ಅಂದ್ಕೊಂಡೆ."

ಕೀವೇ ನುಣ್ಣಗೆ, ಅಳತೆಗೆ ಸರಿಯಾಗಿ, ಉಲ್ಟಾ ಬಂತು.

ಮರುದಿನ ಬೆಳಿಗ್ಗೆ ಹಬ್ ವಾಪಸು ಬಂತು. ಕೀ ಮೂರನೇ ಒಂದು ಪಾಲು ಒಳಗೆ ಹೋಗಿ ಕಚ್ಚಿಕೊಂಡಿತ್ತಂತೆ. ಅದನ್ನು ಹೊರಗೆ ತೆಗೆಯಲು ಮಿಲ್ಲಿನವರಿಗೆ ಅರ್ಧ ರಾತ್ರಿ ಹಿಡಿದಿತ್ತು. ಹೋಡ್ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದರೂ ಆ ಕಡೆಯ ಕೂಗು ಎಲ್ಲರಿಗೂ ಕೇಳಿಸುತ್ತಿತ್ತು. ಕಡಿದ ಕಬ್ಬು ರೈಲು ಡಬ್ಬಿಗಳಲ್ಲಿ ಬಿಸಿಲಿಗೆ ಹುಳಿಯಾಗುತ್ತಾ ನಿಂತಿದೆ, ರೈತರು ಗೇಟಿಗೆ ಬಂದು ಬಯ್ಯುತ್ತಿದ್ದಾರೆ.

ಹೋಡ್ ಫೋನು ಇಟ್ಟು ಲೇತಿನ ಮುಂದೆ ಎಲ್ಲರನ್ನೂ ಕರೆದ.

"ನೋಲೀನ್, ಚುಕ್ಕಿ ಉಲ್ಟಾ ಅಂತ ನಿನಗೆ ಯಾರಾದ್ರೂ ಹೇಳಿದ್ರಾ?"

"ನನಗೆ ಯಾರೂ ಹೇಳ್ಲಿಲ್ಲ."

"ಸೆಸ್, ನಿನಗೆ ಗೊತ್ತಿತ್ತು. ಗೇಟಲ್ಲಿ ಅವನು ನಿನಗೇ ಹೇಳಿದನಂತೆ."

"ನಾನು ಹೇಳ್ದೆ."

"ಯಾರಿಗೆ?"

ಸೆಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಅವನ ಮುಖ ಕತ್ತಿನಿಂದ ಮೇಲಕ್ಕೆ ಕೆಂಪಾಯಿತು. ಕೊನೆಗೆ ಆಲ್ಬಿ ಟಾಸ್ ಕೈಯಲ್ಲಿದ್ದ ಬಟ್ಟೆ ಬೆಂಚಿನ ಮೇಲೆ ಎಸೆದ. "ನಾಯಿಗೆ ಹೇಳ್ದ, ಬ್ರೆಂಟನ್. ಅವಳಿಗೂ ಕೇಳಿಸ್ತು. ನನಗೂ ಕೇಳಿಸ್ತು. ನಾನೂ ಸುಮ್ನೆ ಇದ್ದೆ. ಇನ್ನೇನು ಬೇಕು?"

ಹೋಡ್ ನಾಯಿಯ ಕಡೆ ನೋಡಿದ. ಮೇವಿಸ್ ಬಾಲ ಒಮ್ಮೆ ನೆಲಕ್ಕೆ ಬಡಿಯಿತು.

"ಒಂದು ಮಿಲ್ಲು ನಿಂತಿದೆ" ಎಂದ ಹೋಡ್, ದನಿ ಏರಿಸದೆ. "ನನ್ನ ಶೆಡ್ಡಲ್ಲಿ ಕೆಲಸದ ಮಾತನ್ನ ನಾಯಿಗೆ ಹೇಳ್ತಾರೆ. ಅರ್ಥ ಮಾಡ್ಕೊಳ್ಳೋಳು ಕೇಳಿಸ್ಕೊಳ್ಳಲ್ಲ. ನಾಯಿ ಒಬ್ಬಳೇ ಗಮನ ಕೊಟ್ಟು ಕೇಳಿರೋದು." ಯಾರೋ ನಗಲು ಹೋಗಿ ಕೆಮ್ಮಿದರು. "ಇವತ್ತಿನಿಂದ ಕೆಲಸದ ಮಾತನ್ನ ಮುಖ ನೋಡಿ, ಹೆಸರು ಹಿಡಿದು ಹೇಳದವನು ಗೇಟಿನ ಆಚೆ. ಕೇಳಿಯೂ ಕೇಳದವಳು ಅವಳೂ ಆಚೆ. ಸೆಸ್, ಹಬ್ಬನ್ನ ನಿನ್ನ ಮಿಷನ್ನಿಗೆ ಹಾಕು. ಹಳೇ ಕೀವೇ ಎದುರಿಗೆ ಇನ್ನೊಂದು ಕೊರಿ. ಲೇತಲ್ಲಿ ಈ ಆಟ ಸಾಕು."

ನೋಲೀನ್ ಒಂದು ಹೆಜ್ಜೆ ಮುಂದೆ ಬಂದಳು. ಆ ಒಂದು ಮಾತಿನಲ್ಲಿ ಲೇತೂ ಹೋಗಿತ್ತು, ಆಕೆಯ ಅನ್ನವೂ ಹೋಗಿತ್ತು.

"ಅವನಿಗೆ ಓರೆ ಕೂರಿಸೋಕೇ ಮಧ್ಯಾಹ್ನ ಆಗುತ್ತೆ, ಬ್ರೆಂಟನ್. ನನ್ನ ಹತ್ರ ಅಂಕಿ ಹಾಗೇ ಇದೆ. ಮುಖ ತಿರುಗಿಸಿ ಕಟ್ಟಿದ್ರೆ ಆಯ್ತು."

ಹೋಡ್ ಸೆಸ್ ಕಡೆ ತಿರುಗಿದ. "ಎಷ್ಟು ಹೊತ್ತು ಬೇಕು ನಿನಗೆ?"

ಸೆಸ್ ಊಟದ ಹೊತ್ತಿಗೆ ಎನ್ನಬಹುದಿತ್ತು. ಅಲ್ಲಿದ್ದ ಯಾರೂ ಅವನನ್ನು ಸುಳ್ಳ ಎನ್ನುತ್ತಿರಲಿಲ್ಲ. ಅವನು ಹಬ್ಬನ್ನು ನೋಡಿದ, ತನ್ನ ಮಿಷನ್ನನ್ನು ನೋಡಿದ. "ಸಂಜೆ ಆಗುತ್ತೆ" ಎಂದ.

"ಹಾಗಾದ್ರೆ ಲೇತು. ಸೆಸ್, ನೀನು ಪಕ್ಕದಲ್ಲಿ ನಿಂತು ಯಾವ ಮುಖ ಅಂತ ಅವಳಿಗೆ ಹೇಳ್ಬೇಕು. ನಾಯಿಗಲ್ಲ. ಮುಗಿಯೋ ತನಕ ಅಲ್ಲೇ ಇರ್ಬೇಕು. ನೋಲೀನ್, ಇದೂ ಕೆಟ್ರೆ ಮಿಷನ್ನನ್ನ ತಂದ ಕಡೆಗೇ ವಾಪಸ್ ಕಳಿಸ್ತೀನಿ." ಆಮೇಲೆ ಬಗ್ಗಿ ಮೇವಿಸ್‌ನ ಕೊರಳ ಪಟ್ಟಿ ಹಿಡಿದು ಆಫೀಸಿಗೆ ಎಳೆದುಕೊಂಡು ಹೋದ. ಇಡೀ ಪ್ರಕರಣದಲ್ಲಿ ಅಂದೇ ಶಿಕ್ಷೆಯಾದದ್ದು ನಾಯಿಗೆ ಮಾತ್ರ.

ಇಬ್ಬರೂ ಲೇತಿನ ಮುಂದೆ ನಿಂತರು. ಉಳಿದವರು ಕೆಲಸ ಮಾಡುವವರಂತೆ ನಟಿಸುತ್ತಾ ನಿಂತರು. ನೋಲೀನ್ ಹಬ್ಬಿನ ಮುಖ ತಿರುಗಿಸಿ, ಹಳೇ ಕೀವೇಯ ಎದುರುಗೋಡೆ ಉಳಿಗೆ ಸಿಗುವಂತೆ ಕಟ್ಟಿ ಕೈ ಕೆಳಗಿಟ್ಟಳು.

"ಈ ಮುಖ ಸರಿ ಇದೆ" ಎಂದ ಸೆಸ್, ಹಬ್ಬಿಗೆ.

ಆಕೆ ಅಲ್ಲಾಡಲಿಲ್ಲ. "ಯಾರಿಗೆ ಹೇಳ್ತಿದ್ದೀಯ?"

"ಕಿವಿ ಇರೋರಿಗೆ."

"ನನಗೊಂದು ಹೆಸರಿದೆ. ಹದಿನೇಳನೇ ವಯಸ್ಸಲ್ಲಿ ಬಂದಾಗ ನೀನೇ ಪೊರಕೆ ಮೇಲೆ ಬಣ್ಣದಲ್ಲಿ ಬರೆದಿದ್ದೆ."

ಸೆಸ್ ಹಲ್ಲು ಕಚ್ಚಿದ. "ನೋಲೀನ್" ಎಂದ. ಜುಲೈ ನಂತರ ಆ ಶೆಡ್ಡಿನಲ್ಲಿ ಕೆಲಸಗಾರನೊಬ್ಬ ಆ ಹೆಸರು ಹೇಳಿದ್ದು ಅದೇ ಮೊದಲು. "ಚುಕ್ಕಿ ಒಳಗೆ ಹೋಗಿದೆ. ಬರೀ ಮುಖ ಹೊರಗಿದೆ. ಆಳ ಈ ಕಡೆ ಬರ್ಬೇಕು. ಸರಿಯಾಗಿ ಕಟ್ಟಿದ್ದೀಯ, ಮುಠ್ಠಾಳಿ."

"ಕೊನೇದು ಬಿಟ್ಟು ಎಲ್ಲ ಕೇಳಿಸ್ತು" ಎಂದು ಆಕೆ ಗುಂಡಿ ಒತ್ತಿದಳು.

ಉಳಿ ಒಳಗೆ ಹೋಗಿ ಬಂತು, ಹೋಗಿ ಬಂತು. ಪ್ರತಿ ಸಲವೂ ಉಗುರು ಕತ್ತರಿಸಿದಂಥ ಒಂದು ಚೂರು ಉದುರಿತು. ಒಂದೇ ಲಯ, ಒಂದೇ ಸದ್ದು. ಕೈ ಕಟ್ಟಿ ನಿಂತಿದ್ದ ಸೆಸ್ ಮುಕ್ಕಾಲು ಆಳಕ್ಕೆ ಬರುವ ಹೊತ್ತಿಗೆ ಕೈ ಬಿಟ್ಟ, ತಲೆ ಓರೆ ಮಾಡಿದ. ಆಕೆಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. ಪರದೆಯ ಮೇಲಿನ ಅಂಕಿಗಳೆಲ್ಲ ಸರಿ ಇದ್ದವು.

"ನೋಲೀನ್. ನಿಲ್ಸು. ಉಳಿ ಮೂಲೆ ಹೋಗಿದೆ."

ಆಕೆ ಅವನ ಮುಖ ನೋಡಿದಳು. ಮಧ್ಯದಲ್ಲಿ ನಿಲ್ಲಿಸಿದರೆ ಉಳಿಯನ್ನು ಹೊರಗೆ ತಂದು ಮತ್ತೆ ಅದೇ ಜಾಗಕ್ಕೆ ಕೂರಿಸಬೇಕು. ಕೂದಲೆಳೆ ತಪ್ಪಿದರೂ ಕೀವೇಯ ಗೋಡೆಯಲ್ಲಿ ಮೆಟ್ಟಿಲು ಬೀಳುತ್ತದೆ. ಅವನು ಸುಳ್ಳು ಹೇಳುತ್ತಿದ್ದರೆ ಅವನಿಗೆ ಬೇಕಾದದ್ದೇ ಅದು. ನಿಜ ಹೇಳುತ್ತಿದ್ದು ಆಕೆ ನಿಲ್ಲಿಸದಿದ್ದರೆ, ಮುರಿದ ಮೂಲೆ ಉಳಿದ ಕಾಲುಭಾಗವನ್ನು ಗೀರಿ ಹಾಕುತ್ತದೆ. ಎರಡರಲ್ಲಿ ಯಾವುದೇ ಆದರೂ ಲೇತು ಲಾರಿ ಹತ್ತುತ್ತದೆ.

"ನಿಜಾನಾ?"

"ನನಗೆ ನಿನ್ನ ಕಂಡ್ರೆ ಆಗಲ್ಲ" ಎಂದ ಸೆಸ್. "ಉಳಿ ಮೂಲೆ ಹೋಗಿದೆ."

ಆಕೆ ನಿಲ್ಲಿಸಿದಳು. ಬಾಗಿಲು ತೆರೆದು, ಉಳಿಯ ತುದಿಗೆ ದೀಪ ಹಿಡಿದು ನೋಡಿದಳು. ಒಂದು ಮೂಲೆಯಲ್ಲಿ ಸಾಸಿವೆಗಿಂತ ಸಣ್ಣ ಚಕ್ಕೆ ಎದ್ದುಹೋಗಿತ್ತು. ಆಕೆ ಹೊಸ ತುದಿ ಹಾಕಿ, ತುದಿಯ ಎತ್ತರ ಮತ್ತೆ ಅಳೆದು, ಹಿಂದಿನ ಅಂಕಿಗೆ ತಂದು ಗುಂಡಿ ಒತ್ತಿದಳು. ಮೊದಲ ಸಲ ಉಳಿ ಏನನ್ನೂ ಮುಟ್ಟದೆ ಹೋಗಿ ಬಂತು. ಎರಡನೇ ಸಲ ಚೂರು ಉದುರಿತು. ಸೆಸ್ ಕೊನೆಯ ತನಕ ಕದಲಲಿಲ್ಲ. ಹಬ್ ಇಳಿಸಿದ ಮೇಲೆ ಕೀವೇಯೊಳಗೆ ಬೆರಳು ಹಾಕಿ ತುದಿಯಿಂದ ತುದಿಗೆ ಎಳೆದ, ಬೆರಳು ಒರೆಸಿಕೊಂಡ, ಮೂಲೆಗೆ ಹೋದ.

ಮಧ್ಯಾಹ್ನದ ಮೇಲೆ ಮಿಲ್ಲಿನಿಂದ ಫೋನ್ ಬಂತು. ಕೀ ಕೂತಿತ್ತು, ಪಟ್ಟಿ ತಿರುಗುತ್ತಿತ್ತು.

ಉಳಿ ಮುರಿದದ್ದನ್ನು ಏಕೆ ಹೇಳಿದೆ ಎಂದು ಬೆಂಚಿನವರು ಸೆಸ್‌ನನ್ನು ಕೇಳಿದ್ದುಂಟು. ಸುಮ್ಮನಿದ್ದಿದ್ದರೆ ಲೇತು ಹೋಗುತ್ತಿತ್ತು, ಅವನ ಮಿಷನ್ ಉಳಿಯುತ್ತಿತ್ತು. "ಕೇಳಿಸ್ತು, ಹೇಳ್ದೆ" ಎಂದನಂತೆ. "ಕೆಟ್ಟ ಸದ್ದು ಕೇಳ್ಕೊಂಡು ನಿಲ್ಲೋಕೆ ಆಗಲ್ಲ ನನಗೆ. ಅವಳ ಮೇಲೆ ಮೋಹ ಬಂದು ಅಲ್ಲ." ಇದನ್ನು ನೋಲೀನಳಿಗೆ ಹೇಳಿದಾಗ ಆಕೆಯ ಉತ್ತರ: "ಗೊತ್ತು. ನಾನೂ ನಂಬಿಕೆ ಇಟ್ಟು ನಿಲ್ಲಿಸಲಿಲ್ಲ. ಅವನು ನನ್ನ ಕಂಡ್ರೆ ಆಗಲ್ಲ ಅಂತ ಬಾಯಿಬಿಟ್ಟು ಹೇಳಿದ್ನಲ್ಲ, ಅದಕ್ಕೆ ನಿಲ್ಲಿಸ್ದೆ. ಸುಳ್ಳು ಹೇಳೋನಾಗಿದ್ರೆ ಆಗ ಸಿಹಿಯಾಗಿ ಮಾತಾಡ್ತಿದ್ದ."

ಕಬ್ಬಿನ ಸೀಸನ್ ಮುಗಿಯಿತು. ಸ್ಲಾಟಿಂಗ್ ಮಿಷನ್ನನ್ನು ಬೋವೆನ್ ಕಡೆಯ ಒಬ್ಬ ರೈತ ತನ್ನ ಶೆಡ್ಡಿಗೆ ಕೊಂಡ. ಅದನ್ನು ಲಾರಿಗೆ ಏರಿಸುವ ದಿನ ಸೆಸ್‌ಗೂ ಕೊನೆಯ ದಿನ. ಹೋಡ್ ಬಿಯರ್ ತರಿಸಿದ್ದ. ನೋಲೀನ್ ಮೇಜಿನ ಹತ್ತಿರ ಹೋಗಲಿಲ್ಲ. ಗಣಿಯವರ ಒಂದು ಸ್ಪ್ಲೈನ್ ಅರ್ಧದಲ್ಲಿತ್ತು. ಸೆಸ್ ತಾನೇ ಬಂದ, ಲೇತಿನ ಕಿಟಕಿಯ ಎದುರು ಸ್ವಲ್ಪ ಹೊತ್ತು ನಿಂತ. ಉಳಿ ಒಂದು ಹಲ್ಲು ಮುಗಿಸಿತು, ಹಬ್ ತಿರುಗಿತು, ಮುಂದಿನ ಹಲ್ಲಿಗೆ ಉಳಿ ಒಳಹೊಕ್ಕಿತು.

"ನನ್ನ ಹೆಂಡತಿ ವಿಷಯ ನೀನು ಅಂದಿದ್ದು ನಾನು ಮರೆಯಲ್ಲ, ನೋಲೀನ್."

"ನಾನು ಅಂದಿದ್ದು ಮಿಷನ್ ವಿಷಯ."

"ಅದನ್ನೂ ಮರೆಯಲ್ಲ."

"ಸರಿ" ಎಂದಳು ಆಕೆ. ಅವನು ಹೋದ.

ಈಗ ಆ ಲೇತು ವಾರವಿಡೀ ಬಿಡುವಿಲ್ಲದೆ ಓಡುತ್ತದೆ. ಸುತ್ತಲಿನ ನಾಲ್ಕಾರು ಶೆಡ್ಡುಗಳ ಒಳಮೈ ಕೆಲಸವೂ ಅಲ್ಲಿಗೇ ಬರುತ್ತದೆ. ಹಬ್ ಇಳಿಸಿಕೊಂಡವನು ಆಕೆಯ ಹತ್ತಿರ ಬಂದು, ಮುಖ ನೋಡಿ, ಹೆಸರು ಹೇಳಿ, ಗುರುತು ಯಾವ ಕಡೆ ಎಂದು ತಿಳಿಸಿ ಹೋಗುತ್ತಾನೆ. ಅದರ ಮೇಲೆ ಒಂದು ಮಾತೂ ಆಡುವುದಿಲ್ಲ. ಆಕೆ ತನ್ನ ಚಹಾವನ್ನು ಲೇತಿನ ಪಕ್ಕದಲ್ಲೇ ನಿಂತು ಕುಡಿಯುತ್ತಾಳೆ. ಮೇಜಿಗೆ ಬಾ ಎಂದು ಇನ್ನೂ ಯಾರೂ ಕರೆದಿಲ್ಲ. ಕರೆದರೆ ಹೋಗುತ್ತೀಯಾ ಎಂದು ಕೇಳಿದಾಗ, ಅಳತೆಯ ಕಡ್ಡಿಯನ್ನು ರಂಧ್ರದೊಳಗೆ ಇಳಿಸುತ್ತಾ, "ಇಲ್ಲ" ಎಂದಳು.